ವಯಸ್ಸಿನ ದಾಖಲೆ ಯಾರನ್ನು ಕಾಯುತ್ತದೆ? ಅಮೆರಿಕದ ಮೂರು ದಶಕಗಳ ನ್ಯಾಯಾಂಗ ವಿವಾದದ ಒಂದು ಅವಲೋಕನ

ಒಂದನೆಯ ತರಗತಿಗೆ ಮಗುವನ್ನು ಸೇರಿಸಿಕೊಳ್ಳುವಾಗ ಅಧ್ಯಾಪಕರು ಅತ್ಯಂತ ಎಚ್ಚರದಿಂದ ಬರೆಯುವ ವಿವರವೆಂದರೆ ಜನ್ಮದಿನಾಂಕ. ಅದರಲ್ಲಿ ಒಂದು ಅಂಕೆ ತಪ್ಪಿದರೂ ಹೆತ್ತವರು ಅದನ್ನು ಸರಿಪಡಿಸಲು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಶಾಲೆಯ ಪ್ರವೇಶ ಪುಸ್ತಕದ ಆ ಒಂದು ಸಾಲಿನ ತೂಕ ಎಷ್ಟೆಂಬುದು ಅದನ್ನು ಬರೆದ ಕೈಗೆ ಗೊತ್ತು.

ಅಂಥದ್ದೇ ಒಂದು ಸಾಲು, ಅಂದರೆ ವ್ಯಕ್ತಿಯೊಬ್ಬರ ಹುಟ್ಟಿದ ದಿನಾಂಕ, ಅಮೆರಿಕದ ನ್ಯಾಯಾಲಯಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ವಿವಾದದ ವಸ್ತುವಾಗಿದೆ. ವಯಸ್ಕರ ಮನರಂಜನೆಯ ಚಲನಚಿತ್ರ, ಪತ್ರಿಕೆ ಮತ್ತು ಜಾಲತಾಣಗಳನ್ನು ನಡೆಸುವವರು ಅದರಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಬ್ಬರ ವಯಸ್ಸಿನ ದಾಖಲೆಯನ್ನು ಇಟ್ಟುಕೊಳ್ಳಬೇಕು, ಕೇಳಿದಾಗ ಸರ್ಕಾರಕ್ಕೆ ತೋರಿಸಬೇಕು ಎಂಬ ಕಾನೂನು ಅಲ್ಲಿ 1988ರಲ್ಲಿ ಬಂತು. ಅದರ ವಿರುದ್ಧದ ಕಾನೂನು ಹೋರಾಟವೂ ಬಹುತೇಕ ಅಂದಿನಿಂದಲೇ ಆರಂಭವಾಯಿತು.

ಇದು ಅಧ್ಯಾಪಕರು ಬರೆಯುವ ವಿಷಯವೇ ಎಂದು ಕೆಲವು ಓದುಗರಿಗೆ ಅನ್ನಿಸಬಹುದು. ಆದರೆ ಈ ವಿವಾದದ ನಡುವೆ ನಿಂತಿರುವುದು ಮಗು. ಮಗುವಿನ ರಕ್ಷಣೆಯ ಹೆಸರಿನಲ್ಲಿ ಬಂದ ಕಾನೂನೊಂದು ಮಗುವನ್ನು ನಿಜವಾಗಿ ರಕ್ಷಿಸಿತೇ, ಅಥವಾ ಬರಿಯ ಕಾಗದದ ರಾಶಿಯನ್ನು ಬೆಳೆಸಿತೇ ಎಂಬ ಪ್ರಶ್ನೆ ಶಾಲೆಯಲ್ಲಿ ದುಡಿಯುವವರಿಗೆ ಹೊರಗಿನದ್ದಲ್ಲ. ಹಾಗೆಯೇ ಇಂತಹ ಕಾನೂನುಗಳು ಇಂದು ದೇಶದಿಂದ ದೇಶಕ್ಕೆ ಹಬ್ಬುತ್ತಿರುವಾಗ, ಅವುಗಳಲ್ಲಿ ಅತ್ಯಂತ ದೀರ್ಘಕಾಲ ನ್ಯಾಯಾಲಯದ ಒರೆಗಲ್ಲಿಗೆ ತಿಕ್ಕಲ್ಪಟ್ಟ ಒಂದನ್ನು ತಿಳಿದಿರುವುದು ಒಳಿತು.

ಕಾನೂನು ಹುಟ್ಟಿದ ಬಗೆ

1982ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನ್ಯೂಯಾರ್ಕ್ ವಿರುದ್ಧ ಫರ್ಬರ್ ಪ್ರಕರಣದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿತು. ಅಲ್ಲಿನ ಸಂವಿಧಾನದ ಮೊದಲನೆಯ ತಿದ್ದುಪಡಿಯು ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಎಷ್ಟೇ ವಿಶಾಲವಾಗಿ ಕಾಪಾಡಿದರೂ ಮಕ್ಕಳನ್ನು ಬಳಸಿದ ಲೈಂಗಿಕ ಚಿತ್ರಗಳಿಗೆ ಆ ರಕ್ಷಣೆ ಸಲ್ಲದು. ಅಂಥ ಚಿತ್ರವೊಂದು ತಯಾರಾಗುವುದೇ ಮಗುವಿನ ಮೇಲಿನ ದೌರ್ಜನ್ಯದಿಂದ ಎಂಬುದು ಅದರ ಮುಖ್ಯ ಕಾರಣವಾಗಿತ್ತು. ವಯಸ್ಕರು ತಮ್ಮ ಒಪ್ಪಿಗೆಯಿಂದ ಪಾಲ್ಗೊಂಡ, ಅಶ್ಲೀಲತೆಯ ಕಾನೂನಿನ ವ್ಯಾಖ್ಯೆಗೆ ಒಳಪಡದ ಚಿತ್ರಗಳಿಗೆ ಮಾತ್ರ ಸಂವಿಧಾನದ ರಕ್ಷಣೆ ಉಳಿಯಿತು. ಹೀಗಾಗಿ ಹದಿನೆಂಟು ವರ್ಷ ಎಂಬ ಗೆರೆಯೇ ಕಾನೂನುಬದ್ಧ ಉದ್ಯಮಕ್ಕೂ ಘೋರ ಅಪರಾಧಕ್ಕೂ ನಡುವಿನ ಗಡಿಯಾಯಿತು.

ಆ ಗೆರೆಯನ್ನು ಕಣ್ಣಳತೆಯಿಂದ ಗುರುತಿಸುವುದು ಕಷ್ಟ. 1986ರಲ್ಲಿ, ಆಗಲೇ ಹಲವಾರು ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ನಟಿಯೊಬ್ಬಳು ಆ ಚಿತ್ರಗಳು ತಯಾರಾಗುವಾಗ ಅಪ್ರಾಪ್ತೆಯಾಗಿದ್ದಳೆಂಬುದು ಬಯಲಾಯಿತು. ಆಕೆ ಸುಳ್ಳು ಗುರುತಿನ ದಾಖಲೆ ತೋರಿಸಿದ್ದಳು. ಅದೇ ವರ್ಷ ಅಟಾರ್ನಿ ಜನರಲ್ ಎಡ್ವಿನ್ ಮೀಸ್ ಅವರು ನೇಮಿಸಿದ್ದ ಆಯೋಗವು ನಿರ್ಮಾಪಕರು ವಯಸ್ಸಿನ ದಾಖಲೆ ಇಡುವುದನ್ನು ಕಡ್ಡಾಯಗೊಳಿಸಬೇಕೆಂದು ಶಿಫಾರಸು ಮಾಡಿತು. 1988ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಅದನ್ನು ಕಾನೂನಾಗಿ ಅಂಗೀಕರಿಸಿತು. ಕಾನೂನು ಸಂಹಿತೆಯಲ್ಲಿ ಅದಕ್ಕೆ ಸಿಕ್ಕ ಸಂಖ್ಯೆ 2257. ಆ ಉದ್ಯಮದಲ್ಲಿ ಇಂದಿಗೂ ಅದನ್ನು ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ.

ಇದರ ಉದ್ದೇಶವನ್ನು ಯಾರೂ ಪ್ರಶ್ನಿಸಲಾರರು. ವಿರೋಧಿಸಿದವರು ಕೂಡ ಪ್ರಶ್ನಿಸಲಿಲ್ಲ. ಅವರ ಆಕ್ಷೇಪವಿದ್ದದ್ದು ಕಾನೂನಿನ ಉಪಾಯದ ಬಗ್ಗೆ.

ಮೊದಲ ಸುತ್ತಿನ ತಕರಾರು

ಮೊದಲು ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಅಮೆರಿಕದ ಗ್ರಂಥಾಲಯ ಸಂಘವೂ ಇತ್ತೆಂಬುದು ಗಮನಾರ್ಹ. 1988ರ ಮೂಲ ಕಾನೂನಿನ ಪ್ರಕಾರ ದಾಖಲೆ ಇಲ್ಲದಿದ್ದರೆ ಚಿತ್ರದಲ್ಲಿರುವ ವ್ಯಕ್ತಿ ಅಪ್ರಾಪ್ತ ವಯಸ್ಸಿನವರೆಂದು ನ್ಯಾಯಾಲಯ ಭಾವಿಸಬಹುದಿತ್ತು. ಅಂದರೆ ಕಾಗದ ಇಲ್ಲದಿರುವುದೇ ಅಪರಾಧದ ಸಾಕ್ಷ್ಯವಾಗಿ ಪರಿಣಮಿಸುತ್ತಿತ್ತು. 1989ರಲ್ಲಿ ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಇದನ್ನು ಸಂವಿಧಾನಬಾಹಿರವೆಂದಿತು. 1990ರಲ್ಲಿ ಕಾಂಗ್ರೆಸ್ ಆ ಭಾವನೆಯನ್ನು ಕೈಬಿಟ್ಟು, ದಾಖಲೆ ಇಡದಿರುವುದನ್ನೇ ಪ್ರತ್ಯೇಕ ಅಪರಾಧವನ್ನಾಗಿ ಮಾಡಿತು. ತಿದ್ದುಪಡಿಯಾದ ಈ ಕಾನೂನನ್ನು 1994ರಲ್ಲಿ ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ಬಹುಪಾಲು ಎತ್ತಿಹಿಡಿಯಿತು.

ಮುಂದಿನ ಪ್ರಶ್ನೆ, ನಿರ್ಮಾಪಕ ಎಂದರೆ ಯಾರು ಎಂಬುದು. ಕ್ಯಾಮೆರಾ ಹಿಡಿದವನು ಮಾತ್ರವೇ, ಅಥವಾ ಆ ಚಿತ್ರವನ್ನು ಮರುಮುದ್ರಿಸಿದವನೂ ಸೇರುತ್ತಾನೆಯೇ? ಸರ್ಕಾರದ ನಿಯಮಗಳು ಎರಡನೆಯವನನ್ನೂ 'ದ್ವಿತೀಯ ನಿರ್ಮಾಪಕ' ಎಂದು ಕರೆದು ಅದೇ ಹೊಣೆಯನ್ನು ಹೊರಿಸಿದ್ದವು. 1998ರಲ್ಲಿ ಹತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಸಂಡಾನ್ಸ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇದನ್ನು ಒಪ್ಪಲಿಲ್ಲ. ನಟರನ್ನು ನೇಮಿಸುವ, ಅವರೊಂದಿಗೆ ಒಪ್ಪಂದ ಮಾಡಿಕೊಳ್ಳುವ ಕೆಲಸದಲ್ಲಿ ಭಾಗಿಯಾಗದವರನ್ನು ಕಾನೂನೇ ಹೊರಗಿಟ್ಟಿರುವಾಗ ಅಧಿಕಾರಿಗಳು ನಿಯಮದ ಮೂಲಕ ಅವರನ್ನು ಒಳಗೆಳೆಯುವಂತಿಲ್ಲ ಎಂದು ಅದು ತೀರ್ಪಿತ್ತಿತು.

ಮುದ್ರಿತ ಪತ್ರಿಕೆಗಳ ಕಾಲದಲ್ಲಿ ಇದು ಸಣ್ಣ ಪ್ರಶ್ನೆಯಾಗಿತ್ತು. ಅಂತರ್ಜಾಲ ಬಂದ ಮೇಲೆ ಅದೇ ದೊಡ್ಡ ಪ್ರಶ್ನೆಯಾಯಿತು. ಜಾಲತಾಣಗಳಲ್ಲಿ ಬಹುಪಾಲು ಚಿತ್ರಗಳು ಬೇರೆಯವರು ತೆಗೆದವು.

ಜಾಲತಾಣಗಳ ಮೇಲೆ ಬಿದ್ದ ಹೊರೆ

2005ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಹೊಸ ನಿಯಮಗಳು ಜಾರಿಗೆ ಬಂದವು. ಜಾಲತಾಣಗಳನ್ನು ಸ್ಪಷ್ಟವಾಗಿ ಇದರೊಳಗೆ ತಂದದ್ದು ಈ ನಿಯಮಗಳೇ. ಉದ್ಯಮದ ಸಂಘಟನೆಯಾದ ಫ್ರೀ ಸ್ಪೀಚ್ ಕೊಅಲಿಷನ್ ತಕ್ಷಣವೇ ಡೆನ್ವರ್‌ನ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಆ ವರ್ಷದ ಡಿಸೆಂಬರಿನಲ್ಲಿ ನ್ಯಾಯಾಲಯ, ಹಿಂದಿನ ಸಂಡಾನ್ಸ್ ತೀರ್ಪನ್ನು ಅನುಸರಿಸಿ, ದ್ವಿತೀಯ ನಿರ್ಮಾಪಕರ ವಿಷಯದಲ್ಲಿ ತಾತ್ಕಾಲಿಕ ತಡೆ ನೀಡಿತು. 2006ರ ಜುಲೈಯಲ್ಲಿ ಕಾಂಗ್ರೆಸ್ 'ಆಡಂ ವಾಲ್ಷ್ ಮಕ್ಕಳ ರಕ್ಷಣೆ ಮತ್ತು ಸುರಕ್ಷತಾ ಕಾಯಿದೆ'ಯ ಮೂಲಕ ವ್ಯಾಖ್ಯೆಯನ್ನೇ ಬದಲಿಸಿ ಜಾಲತಾಣದಲ್ಲಿ ಚಿತ್ರ ಹಾಕುವವರನ್ನೂ ನಿರ್ಮಾಪಕರನ್ನಾಗಿಸಿತು. ನ್ಯಾಯಾಲಯ ಒಂದು ಬಾಗಿಲು ಮುಚ್ಚಿದರೆ ಶಾಸಕಾಂಗ ಮತ್ತೊಂದನ್ನು ತೆರೆಯುವ ಈ ಕ್ರಮ ಇಡೀ ಕಥೆಯುದ್ದಕ್ಕೂ ಕಾಣುತ್ತದೆ.

ನಿಯಮಗಳು ಕೇಳುವುದೇನು? ಪ್ರತಿಯೊಬ್ಬ ನಟ ಅಥವಾ ನಟಿಯ ಸರ್ಕಾರಿ ಛಾಯಾಚಿತ್ರ ಗುರುತುಪತ್ರದ ಪ್ರತಿ, ನಿಜವಾದ ಹೆಸರು, ಹುಟ್ಟಿದ ದಿನಾಂಕ, ಈ ಹಿಂದೆ ಬಳಸಿದ ಎಲ್ಲ ಹೆಸರುಗಳು, ಆಯಾ ಚಿತ್ರದ ಪ್ರತಿ, ಅದು ಇರುವ ಜಾಲ ವಿಳಾಸ. ಇವನ್ನೆಲ್ಲ ಹೆಸರಿನಿಂದಲೂ ಚಿತ್ರದಿಂದಲೂ ಹುಡುಕಬಹುದಾದ ರೀತಿಯಲ್ಲಿ ಜೋಡಿಸಿ ಏಳು ವರ್ಷ ಕಾಪಾಡಬೇಕು. ದಾಖಲೆಗಳು ಯಾವ ವಿಳಾಸದಲ್ಲಿವೆ ಎಂಬ ಪ್ರಕಟಣೆಯನ್ನು ಚಿತ್ರದೊಂದಿಗೆ ಹಾಕಬೇಕು. ನಿಗದಿತ ಕಚೇರಿ ಸಮಯವಿಲ್ಲದವರು ವಾರಕ್ಕೆ ಕನಿಷ್ಠ 20 ಗಂಟೆ ತಪಾಸಣೆಗೆ ಲಭ್ಯರಿರಬೇಕು. ಅಧಿಕಾರಿಗಳು ಮುನ್ಸೂಚನೆಯಿಲ್ಲದೆ, ವಾರಂಟ್ ಇಲ್ಲದೆ ಒಳಬರಬಹುದು. ತಪ್ಪಿದರೆ ಮೊದಲ ಬಾರಿಗೆ ಐದು ವರ್ಷಗಳವರೆಗೆ, ಮತ್ತೆ ತಪ್ಪಿದರೆ ಹತ್ತು ವರ್ಷಗಳವರೆಗೆ ಸೆರೆವಾಸ.

ದೊಡ್ಡ ಕಂಪೆನಿಯೊಂದಕ್ಕೆ ಇದು ಗುಮಾಸ್ತರ ಕೆಲಸ. ಆದರೆ ಸ್ವಂತ ಮನೆಯಿಂದಲೇ ಜಾಲತಾಣ ನಡೆಸುವ ಒಬ್ಬಂಟಿ ಮಹಿಳೆಗೆ ಇದರ ಅರ್ಥ ಬೇರೆ. ಆಕೆ ತನ್ನ ಮನೆಯ ವಿಳಾಸವನ್ನು ಇಡೀ ಜಗತ್ತಿಗೆ ಪ್ರಕಟಿಸಬೇಕು. ಬೇರೆಯವರ ಜಾಲತಾಣದಲ್ಲಿ ಆಕೆಯ ಚಿತ್ರವಿದ್ದರೆ, ಆಕೆಯ ನಿಜನಾಮವೂ ಗುರುತುಪತ್ರವೂ ಆಕೆಗೆ ಪರಿಚಯವೇ ಇಲ್ಲದ ಹತ್ತಾರು ಜನರ ಕೈಗೆ ಹೋಗಬೇಕು. ಹಿಂಬಾಲಿಸಿ ಕಾಡುವವರಿರುವ ಉದ್ಯಮವೊಂದರಲ್ಲಿ ಇದು ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ ಎಂಬ ಆತಂಕಕ್ಕೆ ಆಧಾರವಿತ್ತು. 2008ರ ಡಿಸೆಂಬರಿನಲ್ಲಿ ಹೊರಬಂದ ಪರಿಷ್ಕೃತ ನಿಯಮಗಳು ದಾಖಲೆಗಳನ್ನು ಮೂರನೆಯ ವ್ಯಕ್ತಿಯ ಬಳಿ ಇಡಲು ಅವಕಾಶ ನೀಡಿದ್ದರಿಂದ ಈ ತೊಂದರೆ ಸ್ವಲ್ಪ ತಗ್ಗಿತು, ಪೂರ್ತಿ ನಿವಾರಣೆಯಾಗಲಿಲ್ಲ.

ಒಂದೇ ಕಾನೂನು, ಎರಡು ತೀರ್ಪು

ಇದೇ ಹೊತ್ತಿನಲ್ಲಿ ಓಹಿಯೊ ರಾಜ್ಯದ ಪ್ರಕಾಶನವೊಂದು ಹೂಡಿದ್ದ ಮೊಕದ್ದಮೆ ಆರನೆಯ ವಲಯದ ಮೇಲ್ಮನವಿ ನ್ಯಾಯಾಲಯಕ್ಕೆ ಬಂತು. ಅದು ಸಮಾನಾಸಕ್ತ ವಯಸ್ಕರು ಪರಸ್ಪರ ಪರಿಚಯಕ್ಕಾಗಿ ಜಾಹೀರಾತು ನೀಡುವ ಪತ್ರಿಕೆಗಳನ್ನು ಹೊರಡಿಸುತ್ತಿತ್ತು. ಜಾಹೀರಾತು ಕೊಡುವವರು ಗುರುತುಪತ್ರ ನೀಡಲು ಹಿಂಜರಿಯುತ್ತಿದ್ದರು. 2007ರ ಅಕ್ಟೋಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಬಹುಮತದಿಂದ ಇಡೀ ಕಾನೂನನ್ನೇ ಸಂವಿಧಾನಬಾಹಿರವೆಂದಿತು. ಮನೆಯೊಳಗೆ ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವ ನಡುವಯಸ್ಸಿನ ದಂಪತಿಗಳೂ ಕಾನೂನಿನ ಅಕ್ಷರದ ಪ್ರಕಾರ ದಾಖಲೆ ಇಡಬೇಕಾಗುತ್ತದೆ ಎಂಬುದು ಆ ಪೀಠದ ಚಿಂತೆ. 2009ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠ ಇದನ್ನು ತಳ್ಳಿಹಾಕಿತು. ಸರ್ಕಾರ ಎಂದೂ ಅಂಥ ದಂಪತಿಗಳ ಮೇಲೆ ಕ್ರಮ ಕೈಗೊಂಡಿಲ್ಲವಾದ್ದರಿಂದ ಕಲ್ಪಿತ ಉದಾಹರಣೆಯ ಆಧಾರದ ಮೇಲೆ ಇಡೀ ಕಾನೂನನ್ನು ರದ್ದುಪಡಿಸುವಂತಿಲ್ಲ ಎಂದಿತು.

ಎರಡೂ ವಾದಗಳಲ್ಲಿ ಹುರುಳಿದೆ. ಅಕ್ಷರದಲ್ಲಿರುವ ಅಧಿಕಾರವನ್ನು ಬಳಸುವುದಿಲ್ಲವೆಂಬ ಭರವಸೆಯ ಮೇಲೆ ನಾಗರಿಕ ನಿಶ್ಚಿಂತನಾಗಿರಬೇಕೇ ಎಂಬುದು ಒಂದು ಪ್ರಶ್ನೆ. ನಡೆಯದ ಅನ್ಯಾಯವನ್ನು ಮುಂದಿಟ್ಟು, ನಡೆಯುತ್ತಿರುವ ಅನ್ಯಾಯವನ್ನು ತಡೆಯುವ ಕಾನೂನನ್ನು ಕಳೆದುಕೊಳ್ಳಬೇಕೇ ಎಂಬುದು ಮತ್ತೊಂದು.

ಫಿಲಡೆಲ್ಫಿಯಾದ ಹನ್ನೊಂದು ವರ್ಷಗಳು

2009ರ ಅಕ್ಟೋಬರಿನಲ್ಲಿ ಫ್ರೀ ಸ್ಪೀಚ್ ಕೊಅಲಿಷನ್ ಮತ್ತೊಮ್ಮೆ, ಈ ಬಾರಿ ಫಿಲಡೆಲ್ಫಿಯಾದಲ್ಲಿ, ಮೊಕದ್ದಮೆ ಹೂಡಿತು. ಈ ಸಲ ಜೊತೆಗಿದ್ದವರು ಬೇರೆ ಬಗೆಯವರು. ಮಾಧ್ಯಮ ಛಾಯಾಗ್ರಾಹಕರ ಸಂಘಟನೆ, ಕಲಾ ಛಾಯಾಗ್ರಾಹಕರು, ಲೈಂಗಿಕ ಶಿಕ್ಷಣದ ಲೇಖಕರು ಅದರಲ್ಲಿದ್ದರು. ನೋಡಿದೊಡನೆ ವಯಸ್ಕರೆಂದು ತಿಳಿಯುವ ಪ್ರೌಢರ ಚಿತ್ರಗಳಿಗೂ ಗುರುತುಪತ್ರ ಕೇಳುವುದರಿಂದ ಯಾವ ಮಗುವಿನ ರಕ್ಷಣೆಯಾಗುತ್ತದೆ ಎಂಬುದು ಅವರ ಸರಳ ಪ್ರಶ್ನೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆಯುವ ನ್ಯಾಯವಿದು ಎಂಬುದು ಅವರ ವಾದದ ತಿರುಳು.

ಸರ್ಕಾರದ ಉತ್ತರವೂ ಬಲವಾಗಿಯೇ ಇತ್ತು. ನೋಡಿದರೆ ಗೊತ್ತಾಗುತ್ತದೆ ಎಂಬುದನ್ನು ಒಪ್ಪಿದರೆ ತೀರ್ಮಾನ ಮತ್ತೆ ನಿರ್ಮಾಪಕನ ಕಣ್ಣಳತೆಗೆ ಬಿಡಲ್ಪಡುತ್ತದೆ. ಹದಿನಾರರ ಹುಡುಗಿ ಇಪ್ಪತ್ತೆರಡರವಳಂತೆ ಕಾಣಬಹುದು. ಎಲ್ಲರಿಗೂ ಒಂದೇ ನಿಯಮವಿದ್ದರೆ ಗೊತ್ತಿರಲಿಲ್ಲ ಎಂಬ ನೆಪಕ್ಕೆ ಎಡೆಯಿರುವುದಿಲ್ಲ. ಶಾಲೆಯಲ್ಲಿ ಹದಿಹರೆಯದವರನ್ನು ದಿನನಿತ್ಯ ನೋಡುವ ಯಾರಿಗೂ ಈ ಮಾತಿನ ಸತ್ಯ ಅರಿವಾಗದಿರದು.

2010ರಲ್ಲಿ ನ್ಯಾಯಾಧೀಶ ಮೈಕೆಲ್ ಬೇಲ್ಸನ್ ಮೊಕದ್ದಮೆಯನ್ನು ವಜಾಗೊಳಿಸಿದರು. 2012ರ ಏಪ್ರಿಲಿನಲ್ಲಿ ಮೂರನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಸಾಕ್ಷ್ಯ ಕೇಳದೆ ಹೀಗೆ ತೀರ್ಮಾನಿಸುವಂತಿಲ್ಲವೆಂದು ಅದನ್ನು ಮರಳಿಸಿತು. 2013ರ ವಿಚಾರಣೆಯಲ್ಲಿ ತಪಾಸಣೆಯ ನಿಜಸ್ಥಿತಿ ಬೆಳಕಿಗೆ ಬಂತು. ಎಫ್‌ಬಿಐ 2006 ಮತ್ತು 2007ರಲ್ಲಿ ಒಟ್ಟು 29 ತಪಾಸಣೆಗಳನ್ನು ನಡೆಸಿತ್ತು. ಅನಂತರ ಆ ಕಾರ್ಯಕ್ರಮವನ್ನೇ ಕೈಬಿಟ್ಟಿತ್ತು. ಮುನ್ಸೂಚನೆ ಕೊಟ್ಟರೆ ದಾಖಲೆ ನಾಶವಾಗುತ್ತದೆ ಎಂದು ವಾದಿಸಿದ ಸರ್ಕಾರವೇ ಅವುಗಳಲ್ಲಿ ಕೆಲವಕ್ಕೆ ಮುನ್ಸೂಚನೆ ಕೊಟ್ಟು ಹೋಗಿತ್ತು.

2015ರ ಮೇ ತಿಂಗಳಲ್ಲಿ ಮೂರನೆಯ ವಲಯದ ನ್ಯಾಯಾಲಯ ದಾಖಲೆ ಇಡಬೇಕೆಂಬ ನಿಯಮವನ್ನು ಉಳಿಸಿ, ವಾರಂಟ್ ಇಲ್ಲದ ತಪಾಸಣೆಯನ್ನು ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಉಲ್ಲಂಘನೆಯೆಂದು ತೀರ್ಪಿತ್ತಿತು. ಮನೆ, ಕಚೇರಿ, ಕಾಗದಪತ್ರಗಳ ಅಕಾರಣ ಶೋಧನೆಯನ್ನು ತಡೆಯುವ ತಿದ್ದುಪಡಿ ಅದು.

ಮುಂದಿನ ತಿಂಗಳೇ ಪರಿಸ್ಥಿತಿ ಬದಲಾಯಿತು. ಈ ಉದ್ಯಮಕ್ಕೆ ಯಾವ ಸಂಬಂಧವೂ ಇಲ್ಲದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಒಂದು, ಅರಿಜೋನಾದ ಗಿಲ್ಬರ್ಟ್ ಪಟ್ಟಣದ ಸಣ್ಣ ಚರ್ಚೊಂದು ರಸ್ತೆ ಬದಿಯಲ್ಲಿ ತನ್ನ ಪ್ರಾರ್ಥನೆಯ ಸ್ಥಳ ಮತ್ತು ಸಮಯ ಸೂಚಿಸುವ ಫಲಕ ಹಾಕುವುದಕ್ಕೆ ಸಂಬಂಧಿಸಿದ್ದು. ಫಲಕದಲ್ಲಿ ಏನು ಬರೆದಿದೆ ಎಂಬುದನ್ನು ನೋಡಿ ಬೇರೆ ಬೇರೆ ನಿಯಮ ಹಾಕುವುದಾದರೆ ಆ ನಿಯಮ ಅತ್ಯಂತ ಕಟ್ಟುನಿಟ್ಟಿನ ಪರಿಶೀಲನೆಗೆ ಒಳಪಡಬೇಕೆಂದು ನ್ಯಾಯಾಲಯ ಹೇಳಿತು. ಇನ್ನೊಂದು, ಲಾಸ್ ಏಂಜಲೀಸ್ ನಗರದ ವಿರುದ್ಧ ಭಾರತೀಯ ಮೂಲದ ಪಟೇಲ್ ಎಂಬ ಮೋಟೆಲ್ ಮಾಲೀಕರು ಹೂಡಿದ್ದು. ಅತಿಥಿಗಳ ದಾಖಲೆಯನ್ನು 90 ದಿನ ಇಟ್ಟುಕೊಂಡು ಪೊಲೀಸರು ಕೇಳಿದೊಡನೆ ತೋರಿಸಬೇಕೆಂಬ ನಗರದ ನಿಯಮವನ್ನು ಕೋರ್ಟ್ ರದ್ದುಗೊಳಿಸಿತು. ತೋರಿಸುವ ಮುನ್ನ ತಟಸ್ಥ ಅಧಿಕಾರಿಯೊಬ್ಬರ ಮುಂದೆ ಆಕ್ಷೇಪಿಸುವ ಅವಕಾಶವಾದರೂ ಮಾಲೀಕರಿಗೆ ಇರಬೇಕೆಂಬುದು ಅದರ ನಿಲುವು.

ಚರ್ಚಿನ ಫಲಕವೂ ಮೋಟೆಲಿನ ಪುಸ್ತಕವೂ ವಯಸ್ಕರ ಜಾಲತಾಣಗಳ ಮೊಕದ್ದಮೆಯ ದಿಕ್ಕನ್ನು ಬದಲಿಸಿದವು. 2016ರ ಜೂನ್‌ನಲ್ಲಿ ಮೂರನೆಯ ವಲಯದ ನ್ಯಾಯಾಲಯ ದಾಖಲೆಯ ನಿಯಮವನ್ನೂ ಕಟ್ಟುನಿಟ್ಟಿನ ಪರಿಶೀಲನೆಗೆ ಒಳಪಡಿಸಬೇಕೆಂದು ಹೇಳಿ ಮೊಕದ್ದಮೆಯನ್ನು ಮರಳಿಸಿತು. 2018ರ ಆಗಸ್ಟಿನಲ್ಲಿ ಅದೇ ನ್ಯಾಯಾಧೀಶ ಬೇಲ್ಸನ್ ಕಾನೂನಿನ ಹಲವು ಭಾಗಗಳನ್ನು ಸಂವಿಧಾನಬಾಹಿರವೆಂದರು. 2020ರ ಸೆಪ್ಟೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮಧ್ಯದ ಹಾದಿ ಹಿಡಿಯಿತು. ಸರ್ಕಾರದ ಗುರಿಯನ್ನು ಕಡಿಮೆ ಹೊರೆಯಿಂದಲೂ ಸಾಧಿಸಬಹುದಾದ್ದರಿಂದ ಮೊಕದ್ದಮೆ ಹೂಡಿದ ವ್ಯಕ್ತಿಗಳ ಮಟ್ಟಿಗೆ ನಿಯಮ ಅನ್ವಯಿಸದು. ಆದರೆ ಕಾನೂನು ಒಟ್ಟಾರೆಯಾಗಿ ರದ್ದಾಗುವುದಿಲ್ಲ.

ಹೀಗೆ ಹನ್ನೊಂದು ವರ್ಷಗಳ ಕೊನೆಗೆ ಕೆಲವರಿಗೆ ಪರಿಹಾರ ಸಿಕ್ಕಿತು, ಕಾನೂನು ಪುಸ್ತಕದಲ್ಲಿ ಉಳಿಯಿತು.

ಮಗುವಿಗೆ ಸಿಕ್ಕಿದ್ದೇನು?

ಈ ತೀರ್ಪುಗಳ ರಾಶಿಯಲ್ಲಿ ಮರೆಯಾಗಿ ಹೋಗುವ ಅಂಶವೊಂದಿದೆ. ಇಡೀ ಅಮೆರಿಕದಲ್ಲಿ ಎರಡು ವರ್ಷಗಳಲ್ಲಿ 29 ತಪಾಸಣೆ, ಅನಂತರ ಶೂನ್ಯ. ವಿಚಾರಣೆ ನಡೆಯುತ್ತಿದ್ದ ಕಾಲದಲ್ಲಿಯೇ ದಾಖಲೆಗಳನ್ನು ನೋಡುವವರು ಯಾರೂ ಇರಲಿಲ್ಲ. ನೋಡುವವರಿಲ್ಲದ ಹಾಜರಿ ಪುಸ್ತಕದಿಂದ ಶಾಲೆ ನಡೆಯುವುದಿಲ್ಲ. ದಾಖಲೆ ಇಡಬೇಕೆಂಬ ಭಯವೇ ಕಾನೂನುಬದ್ಧ ನಿರ್ಮಾಪಕರನ್ನು ಎಚ್ಚರದಲ್ಲಿರಿಸಿತು ಎಂಬುದು ನಿಜವಿರಬಹುದು. ಆದರೆ ಮಕ್ಕಳನ್ನು ಬಳಸಿ ಚಿತ್ರ ತೆಗೆಯುವ ದುಷ್ಟರು ಗುರುತುಪತ್ರಗಳ ಕಡತ ಇಟ್ಟುಕೊಂಡು ವಿಳಾಸ ಪ್ರಕಟಿಸುವವರಲ್ಲ. ಕಾನೂನಿನ ಭಾರವೆಲ್ಲ ಬಿದ್ದದ್ದು ಹೇಗೂ ಕಾನೂನು ಪಾಲಿಸುವವರ ಮೇಲೆ.

ಇನ್ನೊಂದೆಡೆ, ಬಳಕೆದಾರರೇ ವಿಡಿಯೊ ಹಾಕುವ ಬೃಹತ್ ಜಾಲತಾಣಗಳು ಬೆಳೆದವು. ಅಲ್ಲಿ ಹಾಕುವವನು ಯಾರು, ಚಿತ್ರದಲ್ಲಿರುವವರ ವಯಸ್ಸೆಷ್ಟು, ಅವರ ಒಪ್ಪಿಗೆಯಿದೆಯೇ ಎಂಬುದನ್ನು ಬಹುಕಾಲ ಯಾರೂ ಕೇಳಲಿಲ್ಲ. 2020ರ ಡಿಸೆಂಬರಿನಲ್ಲಿ ಪೋರ್ನ್‌ಹಬ್ ಜಾಲತಾಣದಲ್ಲಿ ಅಪ್ರಾಪ್ತರ ಮತ್ತು ಒಪ್ಪಿಗೆಯಿಲ್ಲದ ವಿಡಿಯೊಗಳಿವೆ ಎಂಬ ನ್ಯೂಯಾರ್ಕ್ ಟೈಮ್ಸ್ ಲೇಖನ ಪ್ರಕಟವಾದ ಮೇಲೆ ವೀಸಾ ಮತ್ತು ಮಾಸ್ಟರ್‌ಕಾರ್ಡ್ ಅಲ್ಲಿನ ಪಾವತಿಗಳನ್ನು ನಿಲ್ಲಿಸಿದವು. ಗುರುತು ಪರಿಶೀಲಿಸದ ಬಳಕೆದಾರರು ಹಾಕಿದ್ದ ವಿಡಿಯೊಗಳನ್ನೆಲ್ಲ ಆ ಜಾಲತಾಣ ಕೆಲವೇ ದಿನಗಳಲ್ಲಿ ತೆರೆಮರೆಗೆ ಸರಿಸಿತು. 2021ರ ಅಕ್ಟೋಬರಿನಿಂದ ಮಾಸ್ಟರ್‌ಕಾರ್ಡ್ ಇಂಥ ಜಾಲತಾಣಗಳು ವಯಸ್ಸು ಮತ್ತು ಒಪ್ಪಿಗೆಯ ಪುರಾವೆ ಪಡೆಯಬೇಕೆಂಬ ಷರತ್ತು ವಿಧಿಸಿತು. ಮೂರು ದಶಕಗಳ ಕಾನೂನು ಮಾಡಲಾಗದ್ದನ್ನು ಹಣದ ಹರಿವು ನಿಂತೊಡನೆ ಕೆಲವೇ ದಿನಗಳಲ್ಲಿ ಮಾಡಬೇಕಾಯಿತು.

ಇದು ಸಮಾಧಾನದ ಸಂಗತಿಯೇನೂ ಅಲ್ಲ. ಖಾಸಗಿ ಕಂಪೆನಿಯ ನಿರ್ಧಾರಕ್ಕೆ ಸಾರ್ವಜನಿಕ ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ಕಾನೂನಿನ ವಿರುದ್ಧ ನ್ಯಾಯಾಲಯಕ್ಕೆ ಹೋಗಬಹುದು. ಕಾರ್ಡ್ ಕಂಪೆನಿಯ ವಿರುದ್ಧ ಹಾಗೆ ಹೋಗುವ ದಾರಿ ಸುಲಭವಿಲ್ಲ.

ಪುರಾವೆಯ ಭಾರ ನೋಡುಗನ ಮೇಲೆ

ಈ ನಡುವೆ ವಾದದ ಕೇಂದ್ರವೇ ಬದಲಾಗಿದೆ. ಚಿತ್ರದಲ್ಲಿರುವವರ ವಯಸ್ಸಿಗಿಂತ ಅದನ್ನು ನೋಡುವವರ ವಯಸ್ಸು ಈಗ ಮುಂದೆ ಬಂದಿದೆ. ಟೆಕ್ಸಾಸ್ ರಾಜ್ಯ 2023ರಲ್ಲಿ ಮಾಡಿದ ಕಾನೂನಿನಂತೆ, ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಹಾನಿಕರವಾದ ಲೈಂಗಿಕ ಸಾಮಗ್ರಿಯಿರುವ ಜಾಲತಾಣ ಪ್ರತಿಯೊಬ್ಬ ನೋಡುಗನಿಗೂ 18 ತುಂಬಿದೆಯೆಂದು ಖಚಿತಪಡಿಸಿಕೊಳ್ಳಬೇಕು. ತಪ್ಪಿದರೆ ದಿನಕ್ಕೆ 10,000 ಡಾಲರ್‌ವರೆಗೆ ದಂಡ. ಅದನ್ನು ಪ್ರಶ್ನಿಸಿದ್ದು ಅದೇ ಫ್ರೀ ಸ್ಪೀಚ್ ಕೊಅಲಿಷನ್. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಬರೆದ ಬಹುಮತದ ತೀರ್ಪು, ವಯಸ್ಕರ ಮೇಲೆ ಬೀಳುವ ಹೊರೆ ಆನುಷಂಗಿಕವಾದದ್ದು, ಆದ್ದರಿಂದ ಮಧ್ಯಮ ಮಟ್ಟದ ಪರಿಶೀಲನೆ ಸಾಕು ಎಂದಿತು. ನ್ಯಾಯಮೂರ್ತಿ ಎಲೆನಾ ಕೇಗನ್ ನೇತೃತ್ವದ ಮೂವರು, ಕಟ್ಟುನಿಟ್ಟಿನ ಪರಿಶೀಲನೆಯೇ ಬೇಕಿತ್ತೆಂದು ಭಿನ್ನಮತ ಬರೆದರು.

ಎರಡೂ ಕಾನೂನುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಕುತೂಹಲದ ವ್ಯತ್ಯಾಸವೊಂದು ಕಾಣುತ್ತದೆ. 1988ರ ಕಾನೂನು ವಯಸ್ಸಿನ ದಾಖಲೆಯನ್ನು ವರ್ಷಗಟ್ಟಲೆ ಕಾಪಾಡಿ ತೋರಿಸಬೇಕೆನ್ನುತ್ತದೆ. 2023ರ ಟೆಕ್ಸಾಸ್ ಕಾನೂನು ಪರಿಶೀಲನೆಯ ನಂತರ ಗುರುತಿನ ಮಾಹಿತಿಯನ್ನು ಇಟ್ಟುಕೊಳ್ಳಲೇಬಾರದೆನ್ನುತ್ತದೆ, ಇಟ್ಟುಕೊಂಡರೆ ದಂಡ ವಿಧಿಸುತ್ತದೆ. ಮೂವತ್ತೈದು ವರ್ಷಗಳಲ್ಲಿ ಶಾಸಕರೂ ಕಲಿತ ಪಾಠವಿದು. ಸಂಗ್ರಹವಾದ ಗುರುತುಪತ್ರ ಕಾಪಾಡುವ ಆಯುಧವೂ ಹೌದು, ಕಳವಾಗಬಲ್ಲ ಸೊತ್ತೂ ಹೌದು. 2025ರ ಅಕ್ಟೋಬರಿನಲ್ಲಿ ಡಿಸ್ಕಾರ್ಡ್ ಸಂವಹನ ತಾಣವು, ವಯಸ್ಸಿನ ಪರಿಶೀಲನೆಗೆಂದು ಬಳಕೆದಾರರು ಕೊಟ್ಟಿದ್ದ ಸುಮಾರು 70,000 ಸರ್ಕಾರಿ ಗುರುತುಪತ್ರಗಳ ಚಿತ್ರಗಳು ಹೊರಗಿನ ಸೇವಾಸಂಸ್ಥೆಯ ಮೂಲಕ ಸೋರಿರಬಹುದೆಂದು ಪ್ರಕಟಿಸಿದ್ದನ್ನು ಇಲ್ಲಿ ನೆನೆಯಬಹುದು.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಇಂಥ ದಾಖಲೆಯ ಕಾನೂನಿಲ್ಲ, ಇರಲು ಕಾರಣವೂ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಎ ಕಲಂ ಪ್ರಕಾರ ಲೈಂಗಿಕ ಕ್ರಿಯೆಯ ಸ್ಪಷ್ಟ ಚಿತ್ರಣವನ್ನು ಪ್ರಸಾರ ಮಾಡುವುದೇ ಅಪರಾಧ. 67ಬಿ ಕಲಂ ಮಕ್ಕಳ ಚಿತ್ರಣಕ್ಕೆ ಸಂಬಂಧಿಸಿದ್ದು. ಅದರೊಂದಿಗೆ 2012ರ ಪೋಕ್ಸೋ ಕಾಯಿದೆಯಿದೆ. 2024ರ ಸೆಪ್ಟೆಂಬರ್ 23ರಂದು ನಮ್ಮ ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿ, ಇಂಥ ಸಾಮಗ್ರಿಯನ್ನು ಹಂಚದೆ ಇಟ್ಟುಕೊಂಡಿರುವುದು ಕೂಡ ಪೋಕ್ಸೋ ಅಡಿ ಶಿಕ್ಷಾರ್ಹವಾಗಬಹುದೆಂದಿತು. ಅದನ್ನು ಅಶ್ಲೀಲ ಚಿತ್ರವೆನ್ನದೆ ಮಕ್ಕಳ ಲೈಂಗಿಕ ಶೋಷಣೆ ಮತ್ತು ದೌರ್ಜನ್ಯದ ಸಾಮಗ್ರಿ ಎಂದು ಕರೆಯಬೇಕೆಂದೂ ಸೂಚಿಸಿತು. ಹೆಸರು ಬದಲಾದರೆ ನೋಟವೂ ಬದಲಾಗುತ್ತದೆ. ಅದು ಒಳ್ಳೆಯ ಸೂಚನೆ.

ಆದರೆ ವಯಸ್ಸಿನ ಪ್ರಶ್ನೆ ನಮ್ಮಲ್ಲಿಯೂ ಕೊನೆಗೆ ಒಂದು ದಾಖಲೆಗೇ ಬಂದು ನಿಲ್ಲುತ್ತದೆ. 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಂ ಪ್ರಕಾರ ವಯಸ್ಸಿನ ನಿರ್ಣಯಕ್ಕೆ ಮೊದಲು ನೋಡಬೇಕಾದದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರ. ಅದಿಲ್ಲದಿದ್ದರೆ ಸ್ಥಳೀಯಾಡಳಿತದ ಜನನ ಪ್ರಮಾಣಪತ್ರ. ಅದೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ದೌರ್ಜನ್ಯಕ್ಕೊಳಗಾದ ಮಗುವಿನ ವಯಸ್ಸನ್ನು ನಿರ್ಧರಿಸುವಾಗಲೂ ನಮ್ಮ ನ್ಯಾಯಾಲಯಗಳು ಇದೇ ಕ್ರಮವನ್ನು ಅನುಸರಿಸುತ್ತವೆ. ಅಮೆರಿಕದಲ್ಲಿ ಆ ಹೊಣೆಯನ್ನು ನಿರ್ಮಾಪಕನ ಮೇಲೆ ಹಾಕಿದರು. ನಮ್ಮಲ್ಲಿ ಅದು, ಅರಿತೋ ಅರಿಯದೆಯೋ, ಶಾಲೆಯ ಮೇಲೆ ಬಿದ್ದಿದೆ.

ನೋಡುಗರ ವಯಸ್ಸಿನ ಪರಿಶೀಲನೆಯೂ ನಮ್ಮ ಬಾಗಿಲಿಗೆ ಬರುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 9ನೆಯ ಕಲಂ, 18ರೊಳಗಿನವರ ಮಾಹಿತಿಯನ್ನು ಬಳಸುವ ಮುನ್ನ ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಯಾರು ಮಗು ಎಂದು ತಿಳಿಯಲು ಯಾರು ಮಗುವಲ್ಲ ಎಂಬುದನ್ನೂ ತಿಳಿಯಬೇಕು. ಅಂದರೆ ಎಲ್ಲರ ಗುರುತೂ ಎಲ್ಲೋ ಒಂದೆಡೆ ಪರಿಶೀಲನೆಗೆ ಒಳಗಾಗಬೇಕಾದೀತು.

ಕೇಳಬೇಕಾದ ಮೂರು ಪ್ರಶ್ನೆಗಳು

ಮುಂದೆ ಇಂಥ ಯಾವುದೇ ನಿಯಮ ಬಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ಈ ದೀರ್ಘ ವಿವಾದ ಕಲಿಸುತ್ತದೆ.

ಮೊದಲನೆಯದು, ದಾಖಲೆಯನ್ನು ಕೇಳುತ್ತಿರುವುದು ನಿಜವಾದ ಸಂದೇಹವಿರುವಲ್ಲಿಯೇ, ಅಥವಾ ಎಲ್ಲರಿಂದಲೂ ಕೇಳುವುದು ಸುಲಭವೆಂಬ ಕಾರಣಕ್ಕೇ? ಎರಡನೆಯದು, ಆ ದಾಖಲೆಯನ್ನು ನೋಡಲು ಯಾರಾದರೂ ನೇಮಕವಾಗಿದ್ದಾರೆಯೇ, ಅವರು ಯಾವ ನ್ಯಾಯಿಕ ಅನುಮತಿಯಿಂದ ನೋಡುತ್ತಾರೆ? ಮೂರನೆಯದು, ಅದರಲ್ಲಿ ಹೆಸರಿರುವ ವ್ಯಕ್ತಿಗೆ ಆ ದಾಖಲೆಯಿಂದಲೇ ಹಾನಿಯಾಗದಂತೆ ಏನು ಏರ್ಪಾಡಿದೆ?

ಈ ಮೂರಕ್ಕೂ ಸ್ಪಷ್ಟ ಉತ್ತರವಿರುವ ನಿಯಮವನ್ನು ವಿರೋಧಿಸಲು ಕಾರಣವಿಲ್ಲ. ಉತ್ತರವಿಲ್ಲದ ನಿಯಮ ಮಕ್ಕಳ ಹೆಸರಿನಲ್ಲಿ ಬಂದರೂ ಮಕ್ಕಳಿಗೆ ಉಪಕಾರ ಮಾಡದು. ಅಮೆರಿಕದಲ್ಲಿ ಈ ಪ್ರಶ್ನೆಗಳನ್ನು ಕಾನೂನು ಬಂದ ಮೇಲೆ, ಒಂದೊಂದಾಗಿ, ಮೂವತ್ತು ವರ್ಷಗಳ ಕಾಲ ನ್ಯಾಯಾಲಯದಲ್ಲಿ ಕೇಳಬೇಕಾಯಿತು. ನಮ್ಮ ಶಾಸಕರು ಮೊದಲೇ ಕೇಳಿಕೊಂಡರೆ ಅಷ್ಟು ಕಾಲ ಉಳಿಯುತ್ತದೆ.

ಅಧ್ಯಾಪಕ ಬಂಧುಗಳಲ್ಲಿ ಕೊನೆಯದಾಗಿ ಒಂದು ವಿನಂತಿ. ಪ್ರವೇಶ ಪುಸ್ತಕದಲ್ಲಿ ಜನ್ಮದಿನಾಂಕ ಬರೆಯುವಾಗ ಹೆತ್ತವರು ಬಾಯಲ್ಲಿ ಹೇಳಿದ್ದನ್ನಷ್ಟೇ ನೆಚ್ಚದೆ, ಜನನ ಪ್ರಮಾಣಪತ್ರವನ್ನು ಕಣ್ಣಾರೆ ನೋಡಿ ಬರೆಯೋಣ. ಹಾಗೆ ಬರೆದ ಪುಸ್ತಕವನ್ನು ಕಂಡಕಂಡವರ ಕೈಗೆ ಸಿಗದಂತೆ ಕಪಾಟಿನಲ್ಲಿ ಬೀಗ ಹಾಕಿ ಇಡೋಣ. ಎಂದೋ ಒಂದು ದಿನ ಆ ಮಗುವಿನ ಪರವಾಗಿ ನ್ಯಾಯಾಲಯದಲ್ಲಿ ಮಾತಾಡುವುದು ಆ ಒಂದು ಸಾಲೇ ಆಗಿರಬಹುದು.